ವಿಳಾಸದ ‘ಸಿ/ಓ’: ಕೇರಾಫ್ ಹೇಳುವುದೇನು, ಹೇಳದಿರುವುದೇನು

ಪ್ರಶ್ನೆ: ನಾವು ಅಂಕೋಲಾ ತಾಲೂಕಿನ ಹಳ್ಳಿಯವರು. ಮಗಳು ಶಿರಸಿಯಲ್ಲಿ ನನ್ನ ನಾದಿನಿಯ ಮನೆಯಲ್ಲಿದ್ದುಕೊಂಡು ಪದವಿ ಓದುತ್ತಿದ್ದಾಳೆ. ಅವಳ ಹೆಸರಿಗೆ ಕಳಿಸಿದ ಪತ್ರವೊಂದು ‘ಇಂಥವರು ಗೊತ್ತಿಲ್ಲ’ ಎಂಬ ಷರಾದೊಂದಿಗೆ ವಾಪಸು ಬಂತು. ಕೇರಾಫ್ ಬರೆಯಬೇಕಿತ್ತು ಎಂದು ಕೆಲವರು ಹೇಳಿದರು. ಶೈಕ್ಷಣಿಕ ಸಾಲಕ್ಕೆಂದು ಬ್ಯಾಂಕಿಗೆ ಹೋದರೆ, ಅವಳ ಆಧಾರ್‌ನಲ್ಲಿ ತಂದೆಯ ಹೆಸರಿನ ಹಿಂದೆ ಸಿ/ಓ ಎಂದಿದೆ, ಡಿ/ಓ ಎಂದಿಲ್ಲ, ಇದು ತಂದೆ–ಮಗಳ ಸಂಬಂಧಕ್ಕೆ ದಾಖಲೆಯಾಗದು ಎಂದರು. ಈಚೆಗೆ ಅವಳಿಗೆ ಜ್ವರ ಬಂದಾಗ ಆಸ್ಪತ್ರೆಯ ಚೀಟಿಯಲ್ಲೂ ಸಿ/ಓ ಎಂದು ಬರೆದು, ಕೆಳಗೆ ‘ಆರ್/ಓ ಕೆಎಫ್‌ಡಿ’ ಎಂದು ಬರೆದಿದ್ದರು. ಅದನ್ನು ನೋಡಿ ಮನೆಯವರೆಲ್ಲ ಹೆದರಿದೆವು. ಈ ಸಿ/ಓ ಎಂದರೆ ನಿಜಕ್ಕೂ ಏನು? ಎಲ್ಲಿ ಬರೆಯಬೇಕು, ಎಲ್ಲಿ ಬರೆಯಬಾರದು? ಆಧಾರ್ ತಿದ್ದಿಸಬೇಕೇ?

ಉತ್ತರ: ತಾವು ಕೇಳಿದ ಮೂರು ಸಂಗತಿಗಳಲ್ಲೂ ಕಾಣಿಸಿಕೊಳ್ಳುವ ಅಕ್ಷರಗಳು ಅವೇ ಆದರೂ ಅರ್ಥ ಒಂದೇ ಅಲ್ಲ. ಲಕೋಟೆಯ ಮೇಲಿನ ಸಿ/ಓ ಮತ್ತು ಆಧಾರ್‌ನ ಸಿ/ಓ ಎರಡೂ ‘ಕೇರ್ ಆಫ್’. ಆಸ್ಪತ್ರೆಯ ಚೀಟಿಯಲ್ಲಿರುವುದು ಅದಕ್ಕೆ ಯಾವ ಸಂಬಂಧವೂ ಇಲ್ಲದ ಬೇರೆ ಮಾತು. ಮೊದಲು ಕೇರ್ ಆಫ್‌ನ ಅರ್ಥ ಸ್ಪಷ್ಟವಾಗಲಿ. ಪತ್ರ ಯಾರಿಗೆ ಸೇರಬೇಕೋ ಅವರು ಸದ್ಯಕ್ಕೆ ಇನ್ನೊಬ್ಬರ ಮನೆಯಲ್ಲೋ ಇನ್ನೊಬ್ಬರ ವಿಳಾಸದಲ್ಲೋ ಇದ್ದಾರೆ, ಆದ್ದರಿಂದ ಪತ್ರವನ್ನು ಆ ಇನ್ನೊಬ್ಬರಿಗೆ ಕೊಟ್ಟರೂ ಸಾಕು, ಅವರು ತಲುಪಿಸುತ್ತಾರೆ ಎಂಬುದಷ್ಟೇ ಅದರ ಅರ್ಥ. ಕಾಗದ ಯಾರ ಕೈ ಹಾದು ಹೋಗಬೇಕು ಎಂಬುದನ್ನು ಅದು ಹೇಳುತ್ತದೆಯೇ ಹೊರತು, ಆ ಇಬ್ಬರಿಗೆ ಪರಸ್ಪರ ಏನು ಸಂಬಂಧ ಎಂಬುದನ್ನು ಹೇಳುವುದಿಲ್ಲ. ಸೋದರತ್ತೆ, ಬಾಡಿಗೆ ಮನೆಯ ಯಜಮಾನರು, ಊರ ಕಿರಾಣಿ ಅಂಗಡಿಯವರು, ಹೋಟೆಲಿನ ವ್ಯವಸ್ಥಾಪಕರು, ಯಾರ ಹೆಸರಿನ ಹಿಂದೆಯೂ ಅದು ನಿಲ್ಲಬಹುದು. ನಮ್ಮಲ್ಲಿ ಈ ಎರಡು ವಿಷಯಗಳು ಕಲಸಿಹೋಗಿರುವುದರಿಂದಲೇ ತಮಗೆ ಬ್ಯಾಂಕಿನಲ್ಲಿ ತೊಡಕಾಗಿದೆ.

ಲಕೋಟೆಯ ವಿಚಾರವನ್ನು ಮೊದಲು ನೋಡೋಣ. ಪತ್ರ ಹಂಚುವ ವ್ಯವಸ್ಥೆ ವಿಳಾಸವನ್ನು ಕೆಳಗಿನಿಂದ ಮೇಲಕ್ಕೆ ಓದುತ್ತದೆ. ಮೊದಲು ನೋಡುವುದು ಪಿನ್ ಕೋಡ್. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರಂಕಿಯ ಸಂಖ್ಯೆಯಲ್ಲಿ ಮೊದಲ ಅಂಕಿ ದೇಶದ ಒಂದು ವಲಯವನ್ನು, ಮೊದಲ ಮೂರು ಅಂಕಿಗಳು ಪತ್ರಗಳನ್ನು ವಿಂಗಡಿಸುವ ಪ್ರದೇಶವನ್ನು, ಕೊನೆಯ ಮೂರು ಅಂಕಿಗಳು ಬಟವಾಡೆ ಮಾಡುವ ಅಂಚೆ ಕಚೇರಿಯನ್ನು ಸೂಚಿಸುತ್ತವೆ. ನಮ್ಮ ಜಿಲ್ಲೆಯ ಪಿನ್‌ಗಳೆಲ್ಲ 581ರಿಂದ ಶುರುವಾಗುತ್ತವೆ: ಕಾರವಾರ 581301, ಅಂಕೋಲಾ 581314, ಗೋಕರ್ಣ 581326, ಶಿರಸಿ 581401. ಹೀಗೆ ಪತ್ರ ಶಿರಸಿಯ ಕಚೇರಿಗೆ ಬಂದ ಮೇಲೆ ಬೀದಿ, ಮನೆ, ಕೊನೆಗೆ ಹೆಸರು. ಆ ಬೀದಿಯ ಪೋಸ್ಟ್‌ಮನ್‌ಗೆ ಗೊತ್ತಿರುವುದು ಮನೆಯ ಯಜಮಾನರ ಹೆಸರು. ಕಳೆದ ಜೂನ್‌ನಲ್ಲಿ ಓದಲು ಬಂದು ಸೇರಿಕೊಂಡ ಹುಡುಗಿಯ ಹೆಸರಲ್ಲ. ಕೇರಾಫ್ ಇಲ್ಲದ ಲಕೋಟೆಯಲ್ಲಿ ಆ ಬೀದಿಯವರು ಯಾರೂ ಕೇಳದ ಹೆಸರೊಂದೇ ಇದ್ದರೆ, ಆತ ನಾಲ್ಕು ಮನೆಗಳಲ್ಲಿ ವಿಚಾರಿಸಿ, ಗೊತ್ತಿಲ್ಲ ಎಂಬ ಷರಾ ಬರೆದು ಹಿಂತಿರುಗಿಸುವುದು ಸಹಜ. ತಮ್ಮ ಮಗಳ ಪತ್ರಕ್ಕೂ ಹಾಗೆಯೇ ಆಗಿರಬೇಕು.

ಆದ್ದರಿಂದ ಬರೆಯುವ ಕ್ರಮ ಹೀಗಿರಲಿ. ಹೆಸರುಗಳು ಉದಾಹರಣೆಗಾಗಿ ಕಲ್ಪಿಸಿದವು:

ಕುಮಾರಿ ಸಹನಾ ರಾಮಚಂದ್ರ ನಾಯ್ಕ
ಸಿ/ಓ ಶ್ರೀಮತಿ ಲಲಿತಾ ಮಂಜುನಾಥ ನಾಯ್ಕ
(ಮನೆ ಸಂಖ್ಯೆ, ಬೀದಿ)
ಶಿರಸಿ – 581401
ಉತ್ತರ ಕನ್ನಡ ಜಿಲ್ಲೆ

ಮೊದಲ ಸಾಲಿನಲ್ಲಿ ಪತ್ರ ಯಾರಿಗೋ ಅವರ ಹೆಸರು, ಎರಡನೆಯ ಸಾಲಿನಲ್ಲಿ ಸಿ/ಓ ಮತ್ತು ಆ ಮನೆಯವರ ಹೆಸರು, ಅನಂತರ ಆ ಮನೆಯದೇ ವಿಳಾಸ. ಈ ಕ್ರಮವನ್ನು ತಿರುಗಿಸಿದರೆ ಅರ್ಥವೂ ತಿರುಗುತ್ತದೆ: ಅತ್ತೆಯ ಹೆಸರು ಮೇಲೆ, ಮಗಳ ಹೆಸರು ಸಿ/ಓ ಮುಂದೆ ಬಂದರೆ ಪತ್ರ ಅತ್ತೆಗೆ ಎಂದಾಗುತ್ತದೆ. ಇನ್ನೊಂದು ಸಾಮಾನ್ಯ ತಪ್ಪೆಂದರೆ ಸಿ/ಓ ಬಳಿಕ ಅತ್ತೆಯ ಹೆಸರು ಬರೆದು, ಕೆಳಗೆ ತಮ್ಮ ಊರಿನ ವಿಳಾಸವನ್ನೇ ಮುಂದುವರಿಸುವುದು. ಸಿ/ಓ ಎಂದು ಯಾರ ಹೆಸರು ಬರೆದಿದ್ದೇವೋ ಕೆಳಗಿನ ವಿಳಾಸ ಅವರದೇ ಆಗಿರಬೇಕು. ಬರವಣಿಗೆಯ ಬಗ್ಗೆ ಹೇಳುವುದಾದರೆ, ಇಂಗ್ಲಿಷಿನಲ್ಲಿ ಎರಡೂ ಅಕ್ಷರಗಳನ್ನು ಸಣ್ಣದಾಗಿ ಬರೆಯುವುದು ರೂಢಿ. ನಮ್ಮಲ್ಲಿ ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆಯುತ್ತಾರೆ. ಎರಡರಿಂದಲೂ ಬಾಧಕವಿಲ್ಲ. ನಡುವಿನ ಗೆರೆ ಮಾತ್ರ ಬಲಕ್ಕೆ ವಾಲಿದ ಓರೆಗೆರೆಯಾಗಿರಬೇಕು. ಓ ಅಕ್ಷರದಲ್ಲೇ ‘ಆಫ್’ ಅಡಗಿರುವುದರಿಂದ ಮತ್ತೊಮ್ಮೆ ಆಫ್ ಎಂದು ಸೇರಿಸುವುದು ಅನವಶ್ಯಕ.

ಉತ್ತರ ಕನ್ನಡದ ಹಳ್ಳಿಗಳಿಗೆ ಕೇರಾಫ್ ಬಹಳ ಉಪಕಾರ ಮಾಡಿದ ವ್ಯವಸ್ಥೆ ಎಂದು ನಾನು ಭಾವಿಸುತ್ತೇನೆ. ಘಟ್ಟದ ಮೇಲಿನ ಊರುಗಳಲ್ಲಿ ಮನೆಗಳು ಒತ್ತಾಗಿಲ್ಲ. ತೋಟದ ತಲೆಯಲ್ಲೊಂದು, ಗುಡ್ಡದಾಚೆ ಇನ್ನೊಂದು. ಒಂದೇ ಗ್ರಾಮದಲ್ಲಿ ಗಣಪತಿ ಹೆಗಡೆ ಎಂಬ ಹೆಸರಿನವರು ಇಬ್ಬರು ಮೂವರು ಇರುವುದು ಅಪರೂಪವಲ್ಲ, ಕರಾವಳಿಗೆ ಬಂದರೆ ಮಂಜುನಾಥ ನಾಯ್ಕ, ಗೋವಿಂದ ಗೌಡ ಎಂಬ ಹೆಸರುಗಳದೂ ಅದೇ ಸ್ಥಿತಿ. ಇಂಥಲ್ಲಿ ಬಸ್ ನಿಲ್ಲುವಲ್ಲಿರುವ ಕಿರಾಣಿ ಅಂಗಡಿಯ ಅಥವಾ ಸೇವಾ ಸಹಕಾರಿ ಸಂಘದ ಕೇರಾಫ್ ಕೊಟ್ಟು ಪತ್ರ ತರಿಸಿಕೊಳ್ಳುವುದು ಬಹುಕಾಲದ ಪದ್ಧತಿ. ಅಂಗಡಿಗೆ ಸಾಮಾನಿಗೆಂದು ಬಂದವರ ಕೈಯಲ್ಲಿ ಪತ್ರ ಮನೆ ಸೇರುತ್ತದೆ. ಮುಂಬೈಗೂ ಗೋವೆಗೂ ದುಡಿಯಲು ಹೋದ ನಮ್ಮ ಜಿಲ್ಲೆಯವರು ಹತ್ತು ಜನ ಸೇರಿ ಇದ್ದ ಖೋಲಿಗೆ ಊರಿನಿಂದ ಪತ್ರ ಹೋಗುತ್ತಿದ್ದುದೂ ಖೋಲಿಯ ಹಿರಿಯರ ಕೇರಾಫ್‌ನಲ್ಲಿಯೇ. ಇವತ್ತು ಕೊರಿಯರ್ ಮತ್ತು ಆನ್‌ಲೈನ್ ಅಂಗಡಿಯ ಪೊಟ್ಟಣಗಳಿಗೂ ಇದೇ ಕ್ರಮ ಅನುಕೂಲ. ಅಲ್ಲಿ ಸಿ/ಓ ಬರೆದವರ ಮೊಬೈಲ್ ಸಂಖ್ಯೆಯನ್ನೂ ಕೊಡುವುದು ಒಳ್ಳೆಯದು, ಏಕೆಂದರೆ ಪೊಟ್ಟಣ ತರುವ ಹುಡುಗನಿಗೆ ಊರಿನ ಪರಿಚಯ ಇರುವುದಿಲ್ಲ.

ಸೈನ್ಯದಲ್ಲಿರುವವರ ವಿಳಾಸ ಕೇರಾಫ್‌ನ ಇನ್ನೊಂದು ಮುಖ. ‘ಸಿ/ಓ 56 ಎಪಿಓ’, ‘ಸಿ/ಓ 99 ಎಪಿಓ’ ಎಂದು ಕೊನೆಗೊಳ್ಳುವ ವಿಳಾಸಗಳನ್ನು ನಮ್ಮ ಜಿಲ್ಲೆಯ ಅನೇಕ ಮನೆಗಳವರು ಬರೆದಿದ್ದಾರೆ. ಎಪಿಓ ಎಂದರೆ ಸೈನಿಕ ಅಂಚೆ ಕಚೇರಿ. ದಳ ಎಲ್ಲಿದೆ ಎಂಬುದು ಹೊರಗೆ ತಿಳಿಯಬಾರದಾದ್ದರಿಂದ ಊರಿನ ಹೆಸರೇ ಇಲ್ಲದೆ, ದಳದ ಹೆಸರು ಮತ್ತು ಈ ಕೇರಾಫ್ ಎರಡರ ಬಲದ ಮೇಲೆಯೇ ಪತ್ರ ಸೈನಿಕನನ್ನು ಹುಡುಕಿಕೊಂಡು ಹೋಗುತ್ತದೆ. ಸೈನಿಕ ಅಂಚೆಯ ಪಿನ್‌ಗಳು 9ರಿಂದ ಶುರುವಾಗುವುದು ಅದಕ್ಕೇ. ಇಲ್ಲಿ ಕೇರಾಫ್ ಎಂಬುದು ವ್ಯಕ್ತಿಯ ಹೆಸರೂ ಅಲ್ಲ, ಒಂದು ಕಚೇರಿ. ರಕ್ತಸಂಬಂಧಕ್ಕೂ ಈ ಅಕ್ಷರಗಳಿಗೂ ನಂಟಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಡ. ಕಾರವಾರದಲ್ಲಿ ಕದಂಬ ನೌಕಾನೆಲೆ ಇರುವುದರಿಂದ ಇನ್ನೊಂದು ಮಾತನ್ನೂ ಸೇರಿಸುತ್ತೇನೆ: ಓರೆಗೆರೆ ಇಲ್ಲದೆ, ಎರಡೂ ದೊಡ್ಡ ಅಕ್ಷರಗಳಲ್ಲಿ ಬರೆದ ಸಿಓ ಎಂದರೆ ಅಲ್ಲಿ ಕಮಾಂಡಿಂಗ್ ಆಫೀಸರ್.

ಕಂಪನಿ ಅಥವಾ ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಅದೇ ಕಚೇರಿಯ ವಿಳಾಸಕ್ಕೆ ಪತ್ರ ಬರೆಯುವಾಗ ಸಿ/ಓ ಬೇಕಿಲ್ಲ. ಹೆಸರು, ಹುದ್ದೆ, ಕಚೇರಿಯ ಹೆಸರು ಇದ್ದರೆ ಸಾಕು. ಪತ್ರ ಕಚೇರಿಗೇ ಸೇರಿದ್ದು, ಆದರೆ ಅಲ್ಲಿ ಒಬ್ಬ ನಿರ್ದಿಷ್ಟ ಅಧಿಕಾರಿ ನೋಡಲಿ ಎಂದಿದ್ದರೆ ಇಂಗ್ಲಿಷಿನಲ್ಲಿ ‘ಅಟೆನ್ಷನ್’ ಎಂಬುದರ ಸಂಕ್ಷಿಪ್ತ ರೂಪ ಬರೆಯುತ್ತಾರೆ. ಕನ್ನಡದಲ್ಲಿ ‘ಇವರ ಗಮನಕ್ಕೆ’ ಎನ್ನಬಹುದು. ಅಲ್ಲಿ ಖಾಯಂ ಇಲ್ಲದವರಿಗೆ, ಅಂದರೆ ಹೋಟೆಲಿನಲ್ಲಿ ತಂಗಿದ ಅತಿಥಿಗೆ ಅಥವಾ ಪರ ಊರಿನಿಂದ ತರಬೇತಿಗೆ ಬಂದವರಿಗೆ, ಸಿ/ಓ ಸರಿಯಾದ ಬಳಕೆ.

ಇನ್ನು ಬ್ಯಾಂಕಿನ ಮಾತು. ಇಲ್ಲಿ ಬ್ಯಾಂಕಿನವರು ಹೇಳಿದ್ದು ಸರಿ. ಎಸ್/ಓ ಎಂದರೆ ಇಂಥವರ ಮಗ, ಡಿ/ಓ ಎಂದರೆ ಮಗಳು, ಡಬ್ಲ್ಯು/ಓ ಎಂದರೆ ಹೆಂಡತಿ. ಇವು ಸಂಬಂಧವನ್ನು ಹೇಳುವ ಅಕ್ಷರಗಳು. ಒಂದೇ ಹೆಸರಿನ ಇಬ್ಬರನ್ನು ಬೇರೆ ಬೇರೆಯಾಗಿ ಗುರುತಿಸಲು ಪೊಲೀಸ್ ಠಾಣೆ, ನ್ಯಾಯಾಲಯ, ಕಂದಾಯ ಕಚೇರಿಗಳ ಬರವಣಿಗೆಯಲ್ಲಿ ಇವು ನೆಲೆನಿಂತಿವೆ. ಹಳೆಯ ಮೈಸೂರಿನ ಕಡೆಯ ದಾಖಲೆಗಳಲ್ಲಿ ಇದೇ ಕೆಲಸವನ್ನು ‘ಬಿನ್’ ಮತ್ತು ‘ಕೋಂ’ ಮಾಡುತ್ತವೆ: ರಾಮಯ್ಯ ಬಿನ್ ತಿಮ್ಮಯ್ಯ ಎಂದರೆ ತಿಮ್ಮಯ್ಯನ ಮಗ ರಾಮಯ್ಯ, ಗೌರಮ್ಮ ಕೋಂ ರಾಮಯ್ಯ ಎಂದರೆ ರಾಮಯ್ಯನ ಹೆಂಡತಿ ಗೌರಮ್ಮ. ನಮ್ಮ ಜಿಲ್ಲೆಯ ಹೆಸರಿನ ಕಟ್ಟೇ ಬೇರೆ. 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿ, 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಅಲ್ಲೇ ಇದ್ದ ಉತ್ತರ ಕನ್ನಡದಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರನ್ನೂ ಸಾಲಾಗಿ ಬರೆಯುವ ಮುಂಬೈ ಕಡೆಯ ಕ್ರಮವೇ ಗಟ್ಟಿಯಾಗಿದೆ. ಸಹನಾ ರಾಮಚಂದ್ರ ನಾಯ್ಕ ಎಂದರೆ ಡಿ/ಓ ಬರೆಯದಿದ್ದರೂ ರಾಮಚಂದ್ರ ನಾಯ್ಕರ ಮಗಳೆಂದು ನಮ್ಮವರಿಗೆ ತಿಳಿಯುತ್ತದೆ. ಆಕೆ ಮದುವೆಯಾದ ಮೇಲೆ ನಡುವಿನ ಹೆಸರು ಗಂಡನದಾದರೆ ಅದೂ ತಿಳಿಯುತ್ತದೆ. ಆದರೆ ಬೆಂಗಳೂರಿನ ಕಚೇರಿಯೊಂದರಲ್ಲಿ ಅರ್ಜಿ ನೋಡುವವರಿಗೆ ಈ ಒಳಗುಟ್ಟು ಗೊತ್ತಿರಬೇಕೆಂದೇನೂ ಇಲ್ಲ. ಹೀಗಾಗಿ ಅರ್ಜಿಯಲ್ಲಿ ತಂದೆಯ ಹೆಸರಿಗೆ ಪ್ರತ್ಯೇಕ ಅಂಕಣ ಇದ್ದರೆ, ತನ್ನ ಹೆಸರಿನಲ್ಲೇ ಅದು ಬಂದಿದೆಯೆಂದು ಖಾಲಿ ಬಿಡದೆ ಅಲ್ಲಿಯೂ ಪೂರ್ತಿಯಾಗಿ ಬರೆಯಬೇಕು.

ಆಧಾರ್‌ನ ಹಳೆಯ ಕಾರ್ಡುಗಳಲ್ಲಿ ವಿಳಾಸದ ತಲೆಯಲ್ಲಿ ಎಸ್/ಓ, ಡಿ/ಓ, ಡಬ್ಲ್ಯು/ಓ ಎಂದು ಮುದ್ರಿತವಾಗಿರುತ್ತಿತ್ತು. ಈಚಿನ ವರ್ಷಗಳಲ್ಲಿ ಮಾಡಿಸಿದ ಅಥವಾ ತಿದ್ದಿಸಿದ ಕಾರ್ಡುಗಳಲ್ಲಿ ಆ ಜಾಗದಲ್ಲಿ ಸಿ/ಓ ಬರುತ್ತಿದೆ. ಅನೇಕರು ಇದನ್ನು ಮುದ್ರಣದ ತಪ್ಪೆಂದು ತಿಳಿದು ಆಧಾರ್ ಕೇಂದ್ರದ ಮುಂದೆ ಸಾಲು ನಿಲ್ಲುತ್ತಾರೆ. ಅದು ತಪ್ಪಲ್ಲ. ಆ ಸಾಲು ವಿಳಾಸದ ಒಂದು ಭಾಗ, ಅಷ್ಟೇ. 2016ರ ಆಧಾರ್ ಕಾಯ್ದೆ ವ್ಯಕ್ತಿಯ ಗುರುತನ್ನು ಸ್ಥಾಪಿಸಲು ಬಂದದ್ದು, ಕುಟುಂಬ ಸಂಬಂಧವನ್ನು ಸ್ಥಾಪಿಸಲು ಅಲ್ಲ. ಆಧಾರ್ ಸಂಖ್ಯೆ ಪೌರತ್ವಕ್ಕಾಗಲಿ ಕಾಯಂ ವಾಸಕ್ಕಾಗಲಿ ಪುರಾವೆಯಾಗುವುದಿಲ್ಲ ಎಂದು ಅದೇ ಕಾಯ್ದೆಯ 9ನೆಯ ಕಲಮು ಹೇಳುತ್ತದೆ. ಹಾಗಿರುವಾಗ ವಿಳಾಸದ ಸಾಲಿನಲ್ಲಿರುವ ಒಂದು ಹೆಸರು ಪಿತೃತ್ವಕ್ಕೆ ಪುರಾವೆಯಾಗಲಿ ಎಂದು ಅಪೇಕ್ಷಿಸುವುದು ನ್ಯಾಯವಲ್ಲ. ಆದ್ದರಿಂದ ಮಗಳ ಆಧಾರ್ ತಿದ್ದಿಸಲು ತಾವು ಹೋಗಬೇಕಾಗಿಲ್ಲ. ಹೋದರೂ ಡಿ/ಓ ಎಂದು ಬದಲಾಗಿ ಬರುತ್ತದೆಂದು ನಿರೀಕ್ಷಿಸಬೇಡಿ. ಮದುವೆಯಾದ ಹೆಣ್ಣುಮಕ್ಕಳ ಆಧಾರ್‌ನಲ್ಲಿ ತಂದೆಯ ಹೆಸರೇ ಸಿ/ಓ ಆಗಿ ಉಳಿದಿದ್ದರೆ ಅದರಿಂದ ಮದುವೆಗೆ ಬಾಧೆಯಿಲ್ಲ. ಗಂಡನ ಮನೆಗೆ ವಿಳಾಸ ಬದಲಿಸುವಾಗ ಆ ಸಾಲೂ ಬದಲಾಗಬಹುದು. ತನ್ನ ಹೆಸರಿನಲ್ಲಿ ವಿಳಾಸದ ದಾಖಲೆ ಇಲ್ಲದವರಿಗಾಗಿ 2023ರಿಂದ ಕುಟುಂಬದ ಮುಖ್ಯಸ್ಥರ ಒಪ್ಪಿಗೆಯ ಮೇರೆಗೆ ಆನ್‌ಲೈನ್‌ನಲ್ಲಿ ವಿಳಾಸ ಬದಲಿಸಿಕೊಳ್ಳುವ ಸೌಲಭ್ಯ ಬಂದಿದೆ. ಮುಖ್ಯಸ್ಥರಿಗೆ ಸಂದೇಶ ಬಂದ 30 ದಿನಗಳೊಳಗೆ ಅವರು ಒಪ್ಪಿಗೆ ಕೊಡಬೇಕು.

ಬ್ಯಾಂಕಿಗೆ ತಂದೆ–ಮಗಳ ಸಂಬಂಧ ತೋರಿಸಲು ಬೇರೆ ದಾಖಲೆಗಳು ಧಾರಾಳವಾಗಿವೆ, ಅವು ಬಹುಶಃ ತಮ್ಮ ಮನೆಯ ಕಪಾಟಿನಲ್ಲೇ ಇರುತ್ತವೆ. ಜನನ ಪ್ರಮಾಣಪತ್ರ ಎಲ್ಲಕ್ಕಿಂತ ನೇರವಾದದ್ದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆ ತಾಯಿ ಇಬ್ಬರ ಹೆಸರೂ ಇರುತ್ತದೆ. ಮಗಳಿಗೆ ಪ್ಯಾನ್ ಕಾರ್ಡ್ ಮಾಡಿಸಿದ್ದರೆ ಅದರಲ್ಲಿ ಸಾಮಾನ್ಯವಾಗಿ ತಂದೆಯ ಹೆಸರು ಮುದ್ರಿತವಾಗಿರುತ್ತದೆ (ತಾಯಿಯೊಬ್ಬರೇ ಸಾಕಿದ ಮಕ್ಕಳಿಗೆ ತಂದೆಯ ಹೆಸರಿನ ಕಡ್ಡಾಯವನ್ನು 2018ರ ಡಿಸೆಂಬರ್‌ನಿಂದ ತೆಗೆದಿದ್ದಾರೆ, ಇದು ಅನೇಕ ತಾಯಂದಿರಿಗೆ ಇನ್ನೂ ತಿಳಿದಿಲ್ಲವೆಂದು ಇಲ್ಲಿ ಹೇಳುತ್ತಿದ್ದೇನೆ). ಪಡಿತರ ಚೀಟಿಯಲ್ಲಿ ಮನೆಯವರೆಲ್ಲರ ಹೆಸರಿದೆ. ಇವುಗಳಲ್ಲಿ ಯಾವುದಾದರೂ ಎರಡನ್ನು ಒಯ್ದರೆ ತಕರಾರು ಉಳಿಯಲಾರದು. ಒಂದು ಎಚ್ಚರ ಮಾತ್ರ ಬೇಕು: ತಂದೆಯ ಹೆಸರು ಒಂದರಲ್ಲಿ ‘ರಾಮಚಂದ್ರ ಹಮ್ಮಣ್ಣ ನಾಯ್ಕ’ ಎಂದೂ, ಇನ್ನೊಂದರಲ್ಲಿ ‘ಆರ್. ಎಚ್. ನಾಯ್ಕ’ ಎಂದೂ, ಮತ್ತೊಂದರಲ್ಲಿ ‘ನಾಯಕ’ ಎಂದೂ ಇದ್ದರೆ ನಿಜವಾದ ತೊಡಕು ಅಲ್ಲಿ ಬರುತ್ತದೆ, ಸಿ/ಓ ಅಕ್ಷರಗಳಿಂದಲ್ಲ. ನಾಯ್ಕ ಮತ್ತು ನಾಯಕ ನಮ್ಮ ಜಿಲ್ಲೆಯಲ್ಲಿ ಎರಡು ಬೇರೆ ಅಡ್ಡಹೆಸರುಗಳೆಂಬುದು ತಮಗೆ ಗೊತ್ತೇ ಇದೆ. ಸಾಲದ ಅರ್ಜಿ ಹಾಕುವ ಮುನ್ನ ದಾಖಲೆಗಳನ್ನು ಮೇಜಿನ ಮೇಲೆ ಹರಡಿ, ಅಕ್ಷರ ಅಕ್ಷರ ತಾಳೆ ನೋಡಿಕೊಳ್ಳಿ.

ಮಗಳ ಶಿರಸಿಯ ವಿಳಾಸ ಆಧಾರ್‌ನಲ್ಲಿ ಇಲ್ಲವೆಂಬ ಚಿಂತೆಯೂ ಬೇಡ. ಆಧಾರ್ ಮೂಲಕ ಗುರುತು ದೃಢಪಡಿಸಿ ಖಾತೆ ತೆರೆಯುವವರು ಈಗಿರುವ ವಿಳಾಸ ಬೇರೆಯಾಗಿದ್ದರೆ ಅದನ್ನು ಸ್ವಯಂ ಘೋಷಣೆಯ ಮೂಲಕ ಬ್ಯಾಂಕಿಗೆ ತಿಳಿಸಬಹುದೆಂದು 2019ರಲ್ಲಿ ನಿಯಮ ಬದಲಾಗಿದೆ. ಅರ್ಜಿಯಲ್ಲಿ ಕಾಯಂ ವಿಳಾಸ ಮತ್ತು ಪತ್ರ ವ್ಯವಹಾರದ ವಿಳಾಸ ಎಂದು ಎರಡು ಅಂಕಣಗಳಿರುತ್ತವೆ. ಮೊದಲನೆಯದರಲ್ಲಿ ಅಂಕೋಲೆಯ ಮನೆ, ಎರಡನೆಯದರಲ್ಲಿ ಸೋದರತ್ತೆಯ ಹೆಸರಿನ ಸಿ/ಓ ಸಹಿತ ಶಿರಸಿಯ ಮನೆ. ಓದು ಮುಗಿಸಿ ಅಲ್ಲಿಂದ ಹೊರಟ ದಿನವೇ ಎರಡನೆಯ ವಿಳಾಸವನ್ನು ಬದಲಿಸುವಂತೆ ಬರೆದು ಕೊಡಬೇಕು. ಸಾಲದ ನೋಟಿಸು, ಚೆಕ್ ಪುಸ್ತಕ, ಎಟಿಎಂ ಕಾರ್ಡ್ ಎಲ್ಲವೂ ಬ್ಯಾಂಕಿನ ಪುಸ್ತಕದಲ್ಲಿರುವ ವಿಳಾಸಕ್ಕೇ ಹೋಗುತ್ತವೆ.

ಇದು ಸಣ್ಣ ಮಾತಲ್ಲ ಎನ್ನುವುದಕ್ಕೆ ಕಾನೂನಿನ ಕಾರಣವಿದೆ. ಸರಿಯಾದ ವಿಳಾಸ ಬರೆದು, ಅಂಚೆ ವೆಚ್ಚ ತೆತ್ತು, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ ಪತ್ರ ತಲುಪಿದೆ ಎಂದೇ, ವ್ಯತಿರಿಕ್ತವಾಗಿ ಸಾಬೀತಾಗುವವರೆಗೆ, ಭಾವಿಸಬೇಕೆಂದು 1897ರ ಜನರಲ್ ಕ್ಲಾಸಸ್ ಕಾಯ್ದೆಯ 27ನೆಯ ಕಲಮು ಹೇಳುತ್ತದೆ. ನಾವೇ ಕೊಟ್ಟ ಕೇರಾಫ್ ವಿಳಾಸಕ್ಕೆ ನೋಟಿಸು ಹೋಗಿ, ಅದನ್ನು ಪಡೆದವರು ನಮಗೆ ತಿಳಿಸಲು ಮರೆತರೆ, ನನಗೆ ಬರಲೇ ಇಲ್ಲ ಎಂದು ಸಾಬೀತು ಮಾಡುವ ಹೊರೆ ನಮ್ಮ ಮೇಲೆಯೇ ಬೀಳುತ್ತದೆ. ಇನ್ನೊಂದು ಕಡೆ, ಸಿ/ಓ ಎಂದು ಹೆಸರು ಕೊಟ್ಟವರ ಮೇಲೆ ಸಾಲದ ಹೊಣೆ ಬರುತ್ತದೆಯೇ ಎಂದು ಅನೇಕರು ಹೆದರುತ್ತಾರೆ. ‘ಅವನಿಗೆ ಕೇರಾಫ್ ಯಾರು?’ ಎಂದು ಆಡುಮಾತಿನಲ್ಲಿ ಕೇಳುವಾಗ ಕೇರಾಫ್ ಎಂದರೆ ಆಸರೆ, ಜವಾಬ್ದಾರಿ ಹೊತ್ತವರು ಎಂಬ ಅರ್ಥ ಬಂದುಬಿಟ್ಟಿದೆ, ಅದರಿಂದ ಹುಟ್ಟಿದ ಹೆದರಿಕೆ ಇದು. ಜಾಮೀನು ಪತ್ರಕ್ಕೆ ಸಹಿ ಹಾಕದ ಹೊರತು ತಮ್ಮ ನಾದಿನಿಯವರು ಯಾವ ಸಾಲಕ್ಕೂ ಹೊಣೆಯಾಗುವುದಿಲ್ಲ. ಅವರು ಮಾಡಬೇಕಾದದ್ದು ಬಂದ ಕಾಗದವನ್ನು ಒಡೆಯದೆ ಮಗಳ ಕೈಗೆ ಕೊಡುವುದು ಮಾತ್ರ.

ಕಚೇರಿಗಳ ಬರವಣಿಗೆಯಲ್ಲಿ ಇದೇ ಓರೆಗೆರೆಯ ಕುಟುಂಬಕ್ಕೆ ಸೇರಿದ ಇನ್ನೂ ಕೆಲವು ಕಾಣಸಿಗುತ್ತವೆ, ಅವನ್ನು ಚುಟುಕಾಗಿ ಹೇಳುತ್ತೇನೆ. ‘ಓ/ಓ’ ಎಂದರೆ ಇಂಥವರ ಕಚೇರಿ. ಕಾರವಾರದ ಜಿಲ್ಲಾಧಿಕಾರಿಗಳ ಕಚೇರಿಯ ಇಂಗ್ಲಿಷ್ ವಿಳಾಸದ ಮುಂದೆ ಇದನ್ನು ಬರೆಯುತ್ತಾರೆ. ಕೇಂದ್ರ ಸರ್ಕಾರದ ಕಾಗದಗಳಲ್ಲಿ ಡಿ/ಓ ಎಂದರೆ ಇಲಾಖೆ, ಎಂ/ಓ ಎಂದರೆ ಮಂತ್ರಾಲಯ. ಅಲ್ಲಿ ಡಿ/ಓ ನೋಡಿ ಯಾರ ಮಗಳೆಂದು ಹುಡುಕಬಾರದು. ನ್ಯಾಯಾಲಯದ ಕಾಗದಗಳಲ್ಲಿ ಆರ್/ಓ ಎಂದರೆ ಇಂಥ ಊರಿನ ನಿವಾಸಿ. ಲೆಕ್ಕದ ಪುಸ್ತಕದಲ್ಲಿ ಪುಟದ ಅಡಿಯಲ್ಲಿ ಸಿ/ಓ ಎಂದಿದ್ದರೆ ಮೊತ್ತವನ್ನು ಮುಂದಿನ ಪುಟಕ್ಕೆ ಒಯ್ದಿದೆ ಎಂದರ್ಥ. ಇಂಗ್ಲಿಷರ ಟಿಪ್ಪಣಿಗಳಲ್ಲಿ ಡಬ್ಲ್ಯು/ಓ ಎಂದರೆ ‘ಇಲ್ಲದೆ’ ಎಂದು. ಹಾಗಾಗಿ ಹೊರದೇಶಕ್ಕೆ ಕಳಿಸುವ ಅರ್ಜಿಯಲ್ಲಿ ಹೆಂಡತಿ ಎಂಬುದಕ್ಕೆ ಆ ಅಕ್ಷರಗಳನ್ನು ಬಳಸದೆ ಪೂರ್ತಿ ಪದವನ್ನೇ ಬರೆಯುವುದು ಕ್ಷೇಮ.

ಕೊನೆಯದಾಗಿ ಆಸ್ಪತ್ರೆಯ ಚೀಟಿ. ತಮ್ಮ ಪ್ರಶ್ನೆಯಲ್ಲಿ ನನ್ನ ಮನಸ್ಸಿಗೆ ಹೆಚ್ಚು ತಟ್ಟಿದ್ದು ಇದೇ, ಏಕೆಂದರೆ ಎರಡು ಅಕ್ಷರ ಅರ್ಥವಾಗದೆ ಒಂದು ಮನೆಯವರು ರಾತ್ರಿಯಿಡೀ ಹೆದರಿ ಕೂರುವಂತಾಗಬಾರದು. ವೈದ್ಯರ ಬರವಣಿಗೆಯಲ್ಲಿ ಸಿ/ಓ ಎಂದರೆ ‘ಕಂಪ್ಲೇನ್ಸ್ ಆಫ್’, ಅಂದರೆ ರೋಗಿ ಬಾಯಿಬಿಟ್ಟು ಹೇಳಿಕೊಂಡ ತೊಂದರೆ. ಜ್ವರ, ತಲೆನೋವು, ಮೈಕೈ ನೋವು ಎಂದು ಮಗಳು ಹೇಳಿದ್ದನ್ನು ಅವರು ಅದರ ಮುಂದೆ ಬರೆದಿರುತ್ತಾರೆ. ಅದರ ಬಳಿ ‘3/7’ ಎಂದಿದ್ದರೆ ಅದು ಔಷಧದ ಪ್ರಮಾಣವಲ್ಲ, ಮೂರು ದಿನಗಳಿಂದ ಎಂದರ್ಥ. ವಾರಕ್ಕೆ ಏಳು ದಿನವೆಂಬ ಲೆಕ್ಕದಲ್ಲಿ ಹಾಗೆ ಬರೆಯುತ್ತಾರೆ. ಅದೇ ರೀತಿ ‘2/52’ ಎಂದರೆ ಎರಡು ವಾರ, ‘3/12’ ಎಂದರೆ ಮೂರು ತಿಂಗಳು. ‘ಎಚ್/ಓ’ ಎಂದರೆ ಹಿಂದೆ ಆದದ್ದು, ‘ಕೆ/ಸಿ/ಓ’ ಎಂದರೆ ಈಗಾಗಲೇ ಇದೆಯೆಂದು ತಿಳಿದಿರುವ ಕಾಯಿಲೆ, ‘ಓ/ಇ’ ಎಂದರೆ ವೈದ್ಯರು ತಾವೇ ಪರೀಕ್ಷಿಸಿದಾಗ ಕಂಡದ್ದು. ಎಕ್ಸ್‌ರೇ ಅಥವಾ ಸ್ಕ್ಯಾನಿಂಗ್ ವರದಿಯಲ್ಲಿ ‘ಎಸ್/ಓ’ ಬಂದರೆ ಅದು ಮಗನೂ ಅಲ್ಲ, ಇಂಥ ಕಾಯಿಲೆಯನ್ನು ಸೂಚಿಸುವಂತಿದೆ ಎಂಬ ಮಾತು.

ಇನ್ನು ಆರ್/ಓ. ನ್ಯಾಯಾಲಯದಲ್ಲಿ ನಿವಾಸಿ ಎನ್ನುವ ಅದೇ ಅಕ್ಷರಗಳು ವೈದ್ಯರ ಕೈಯಲ್ಲಿ ‘ರೂಲ್ ಔಟ್’ ಆಗುತ್ತವೆ: ಈ ಕಾಯಿಲೆ ಇಲ್ಲವೆಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಕೆಎಫ್‌ಡಿ ಎಂದರೆ ಕ್ಯಾಸನೂರು ಕಾಡಿನ ಕಾಯಿಲೆ, ನಾವು ಮಂಗನ ಕಾಯಿಲೆ ಎನ್ನುವುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಉಣುಗು ಕಡಿತದಿಂದ ಹರಡುತ್ತದೆ, ನಮ್ಮ ಜಿಲ್ಲೆಯಲ್ಲಿ ಸಿದ್ದಾಪುರ ತಾಲೂಕಿನ ಜನ ಇದರಿಂದ ನೊಂದಿದ್ದಾರೆ. ಆ ಭಾಗಕ್ಕೆ ಹತ್ತಿರದ ಶಿರಸಿಯಲ್ಲಿ ಜ್ವರವೆಂದು ಬಂದವರಿಗೆ ವೈದ್ಯರು ಈ ಸಾಧ್ಯತೆಯನ್ನೂ ನೆನಪಿಟ್ಟುಕೊಂಡು, ರಕ್ತ ಪರೀಕ್ಷೆಗೆ ಕಳಿಸುವ ಮುನ್ನ ಹಾಗೆ ಬರೆದಿದ್ದರೆ ಅದು ಅವರ ಜಾಗರೂಕತೆ. ಮಗಳಿಗೆ ಮಂಗನ ಕಾಯಿಲೆ ಇದೆ ಎಂಬ ತೀರ್ಮಾನವಲ್ಲ. ಆ ಪರೀಕ್ಷೆಯ ವರದಿ ಏನೆಂದು ಬಂತು ಎಂಬುದನ್ನು ತಾವು ಬರೆದಿಲ್ಲ. ಮಾಡಿಸಿದ್ದರೆ ಚೀಟಿ ಮತ್ತು ವರದಿ ಎರಡನ್ನೂ ಅದೇ ವೈದ್ಯರಿಗೆ ತೋರಿಸಿ, ಮಾಡಿಸದೆ ಬಿಟ್ಟಿದ್ದರೆ ಅದನ್ನೂ ಅವರಿಗೆ ಹೇಳಿ. ಜ್ವರ ಬಿಟ್ಟ ಮೇಲೆ ಮತ್ತೆ ಮರುಕಳಿಸುವುದು ಈ ಕಾಯಿಲೆಯಲ್ಲಿ ಉಂಟು. ಹಾಗೇನಾದರೂ ಮತ್ತೆ ಜ್ವರ ಕಾಣಿಸಿದರೆ ತಡಮಾಡದೆ ಕರೆದುಕೊಂಡು ಹೋಗಿ, ಕಾಡಿನ ಅಂಚಿನ ಊರಿಗೆ, ತೋಟಕ್ಕೆ, ಸೊಪ್ಪಿನ ಬೆಟ್ಟಕ್ಕೆ ಅವಳು ಹೋಗಿದ್ದಳೇ ಎಂಬುದನ್ನು ವೈದ್ಯರು ಕೇಳುವ ಮೊದಲೇ ತಿಳಿಸಿ.